ಹಬ್ಬದ ಬಾಣಲೆಗೆ ಯಾವ ಎಣ್ಣೆ?



ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ವಾಚನಾಲಯದ ಮೇಜಿನ ಮೇಲೆ ದಿನಪತ್ರಿಕೆಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಹೋಗುವುದು ಕಿರಾಣಿ ಸಾಮಾನಿನ ಚೀಟಿ. ಅಕ್ಕಿ ಹಿಟ್ಟು, ಉದ್ದು, ಬೆಲ್ಲ, ಎಳ್ಳು ಇವುಗಳ ವಿಷಯದಲ್ಲಿ ಎಲ್ಲರಿಗೂ ಬೇಗ ಒಮ್ಮತವಾಗುತ್ತದೆ. ಎಣ್ಣೆಯ ಮಾತು ಬಂದ ಕೂಡಲೆ ಮಂಗಳೂರಿನವರು ಒಂದು ಕಡೆ, ಚಿತ್ರದುರ್ಗದವರು ಇನ್ನೊಂದು ಕಡೆ, ರಾಯಚೂರಿನವರು ಮೂರನೆಯ ಕಡೆ. ಹೋದ ವರ್ಷ ಈ ತಕರಾರು ಬಗೆಹರಿಯದೆ, ಯಾವುದು ಅಗ್ಗವೋ ಅದೇ ಆಗಲಿ ಎಂದು ನಾವು ಸ್ವಯಂಸೇವಕರೇ ತೀರ್ಮಾನ ಮಾಡಿಬಿಟ್ಟೆವು. ಅದರ ಫಲವನ್ನೂ ಉಂಡೆವು. ಈ ಪಾಠವನ್ನು ಬರೆಯುವುದಕ್ಕೆ ಅದೇ ಕಾರಣ.

ಮೊದಲೇ ಹೇಳಿಬಿಡುತ್ತೇವೆ: ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಓದು ಮೆಟ್ರಿಕ್ಯುಲೇಷನ್ನಿಗೆ ನಿಂತಿತು. ಅಡಿಗೆಯ ಪಂಡಿತರೂ ಅಲ್ಲ, ರಸಾಯನ ಶಾಸ್ತ್ರಜ್ಞರೂ ಅಲ್ಲ. ಆದರೆ ಒಂದು ವರ್ಷದಿಂದ ಈ ವಿಷಯವನ್ನು ಕುರಿತು ಸಿಕ್ಕಿದ್ದನ್ನು ಓದಿ, ಬಲ್ಲವರನ್ನು ಕೇಳಿ, ತಕ್ಕಡಿ ಹಿಡಿದು ತೂಗಿ, ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಅದನ್ನು ಇಲ್ಲಿ ಒಪ್ಪಿಸುತ್ತೇವೆ.

ಹೋದ ವರ್ಷ ನಡೆದದ್ದು ಹೀಗೆ. ಹಬ್ಬಕ್ಕೆ ಊರಿಗೆ ಹೋಗುವ ಹುಡುಗರು, ರಜೆ ಸಿಗದೆ ಇಲ್ಲಿಯೇ ಉಳಿಯುವವರು, ಎಲ್ಲರೂ ಚಂದಾ ಹಾಕಿ, ಸಂಘದ ಮಹಡಿಯ ಮೇಲೆ ಒಲೆ ಹೂಡಿ 20 ಕಿಲೋ ಹಿಟ್ಟಿನ ಚಕ್ಕುಲಿ, ನಿಪ್ಪಟ್ಟು ಮಾಡಿದೆವು. ಗಣೇಶನ ಹಬ್ಬದಲ್ಲಿ ಕರಿದು ಮಿಕ್ಕಿದ್ದ ನಾಲ್ಕು ಲೀಟರ್ ಎಣ್ಣೆ ಡಬ್ಬಿಯಲ್ಲಿತ್ತು. ಚೆಲ್ಲುವುದೇಕೆಂದು ಅದರ ಮೇಲೆಯೇ ಹೊಸ ಎಣ್ಣೆ ಸುರಿದೆವು. ಹೊಸದೂ ಮುಚ್ಚಿದ ಡಬ್ಬಿಯಲ್ಲ. ಒಂದು ಅಂಗಡಿಯಲ್ಲಿ ಬಿಡಿಯಾಗಿ ಅಳೆದು ಕೊಟ್ಟದ್ದು. ಚಕ್ಕುಲಿ ನೋಡುವುದಕ್ಕೆ ಚೆನ್ನಾಗಿಯೇ ಬಂತು. ಐದಾರು ದಿನಗಳ ಮೇಲೆ ಕಮಟು ವಾಸನೆ ಹೊಡೆಯತೊಡಗಿತು. ಲಿಂಗಸೂಗೂರಿನ ಕಡೆಯ ಒಬ್ಬ ತಮ್ಮ ತನ್ನ ಪಾಲಿನ ಎರಡು ಕಿಲೋ ಡಬ್ಬಿಯನ್ನು ತಾಯಿಗೆ ಒಯ್ದಿದ್ದ. ಆಕೆ ಮುಚ್ಚಳ ತೆಗೆದು ಮೂಸಿ, ಏನೂ ಅನ್ನದೆ ಒಂದು ಚಕ್ಕುಲಿ ತಿಂದು, ‘ಪಟ್ಟಣದ ಎಣ್ಣಿ ಹಿಂಗೇ ಇರ್ತದೇನೋ, ಯಪ್ಪಾ’ ಎಂದರಂತೆ. ಹಿಂತಿರುಗಿ ಬಂದು ಆತ ಇದನ್ನು ನಗುತ್ತಲೇ ಹೇಳಿದ. ನಮಗೆ ನಗು ಬರಲಿಲ್ಲ. ವರ್ಷಕ್ಕೊಮ್ಮೆ ಮಗ ತಂದ ತಿಂಡಿ ಅದು.

ಎಣ್ಣೆ ಏಕೆ ಕೆಡುತ್ತದೆಂದು ಮೊದಲು ತಿಳಿಯೋಣ. ಬಾಣಲೆಯಲ್ಲಿ ಎಣ್ಣೆಗೆ ಮೂವರು ಶತ್ರುಗಳು: ನೀರು, ಗಾಳಿ, ಬೆಂಕಿ. ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೊರಡುವಾಗ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೀಳಿ ಹುಳಿಯಂಶವನ್ನು ಬಿಡಿಸುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಎಣ್ಣೆಯೊಡನೆ ಸೇರಿ ಕಮಟನ್ನು ಹುಟ್ಟಿಸುತ್ತದೆ. ಅತಿಯಾದ ಕಾವು ಈ ಎರಡು ಕೆಲಸಗಳನ್ನೂ ಚುರುಕುಗೊಳಿಸಿ, ಎಣ್ಣೆಯನ್ನು ಕಪ್ಪಾಗಿಸಿ ಅಂಟು ಮಾಡುತ್ತದೆ. ಹೀಗೆ ಒಮ್ಮೆ ಕೆಡಲು ಆರಂಭಿಸಿದ ಎಣ್ಣೆಯನ್ನು ಹೊಸದರೊಡನೆ ಬೆರೆಸಿದರೆ ಹಳೆಯದು ಸುಧಾರಿಸುವುದಿಲ್ಲ, ಹೊಸದೂ ಬೇಗ ಕೆಡುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಾವು ಮಾಡಿದ್ದು ಅದನ್ನೇ: ಆರು ವಾರದ ಹಳೆಯ ಎಣ್ಣೆಯ ಹೆಪ್ಪು. ಬಿಡಿ ಎಣ್ಣೆಯ ತಪ್ಪೆಷ್ಟು, ಹೆಪ್ಪಿನ ತಪ್ಪೆಷ್ಟು ಎಂದು ಈಗ ಬಿಡಿಸಿ ಹೇಳಲಾಗದು. ಎರಡನೆಯದಂತೂ ನಮ್ಮದೇ.

ಇಲ್ಲಿ ಒಂದು ಮಾತು. ಚಕ್ಕುಲಿ ಮೆತ್ತಗಾಗುವುದೇ ಬೇರೆ, ಕಮಟಾಗುವುದೇ ಬೇರೆ. ದೀಪಾವಳಿಯ ಹೊತ್ತಿಗೆ ಈ ಊರಿನಲ್ಲಿ ಈಶಾನ್ಯ ಮಾರುತದ ಮಳೆ, ಗಾಳಿಯೆಲ್ಲ ಒದ್ದೆ. ಮುಚ್ಚಳ ಸಡಿಲವಾಗಿದ್ದರೆ ಚಕ್ಕುಲಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಅದನ್ನು ಬೆಚ್ಚಗೆ ಮಾಡಿದರೆ ಮತ್ತೆ ಗರಿಯಾಗುತ್ತದೆ. ಕಮಟಿಗೆ ಮಾತ್ರ ಅಂಥ ಉಪಾಯವಿಲ್ಲ.

ಇನ್ನು ಎಣ್ಣೆಯನ್ನು ಆರಿಸುವಾಗ ನೋಡತಕ್ಕ ಮೊದಲ ಗುಣ ಅದು ಹೊಗೆಯಾಡುವ ಕಾವು. ಕರಿಯುವ ಕೆಲಸವೆಲ್ಲ ಸುಮಾರು 160ರಿಂದ 190 ಡಿಗ್ರಿ ಸೆಂಟಿಗ್ರೇಡಿನೊಳಗೆ ನಡೆಯುತ್ತದೆ. ಶುದ್ಧೀಕರಿಸಿದ, ಅಂದರೆ ರಿಫೈಂಡ್, ಕಡಲೆಕಾಯಿ ಎಣ್ಣೆ ಹೊಗೆಯಾಡುವುದು ಸುಮಾರು 230 ಡಿಗ್ರಿಯಲ್ಲಿ. ರಿಫೈಂಡ್ ಸೂರ್ಯಕಾಂತಿ, ಅಕ್ಕಿ ತೌಡಿನ ಎಣ್ಣೆ, ಪಾಮೋಲಿನ್ ಇವೂ ಹೆಚ್ಚು ಕಡಿಮೆ ಅದರ ಆಸುಪಾಸಿನವೇ. ಆದರೆ ಗಾಣದಿಂದ ನೇರವಾಗಿ ಬಂದ ಕಡಲೆಕಾಯಿ ಎಣ್ಣೆ ಸುಮಾರು 160ಕ್ಕೇ ಹೊಗೆ ಬಿಡತೊಡಗುತ್ತದೆ. ಎಣ್ಣೆ ಅದೇ, ಬೀಜ ಅದೇ. ಶುದ್ಧೀಕರಣದಲ್ಲಿ ಹುಳಿಯಂಶ, ಗಸಿ, ಬಣ್ಣ ಹೋಗುವುದರಿಂದ ಇಷ್ಟು ವ್ಯತ್ಯಾಸ. ಸಂಘದಲ್ಲಿ ಒಬ್ಬ ಹಿರಿಯ ಭಟ್ಟರುಂಟು. ಉಡುಪಿಯ ಕಡೆಯಿಂದ ಬಂದು ಈ ಊರಿನ ಹೋಟೆಲು ಅಡಿಗೆಮನೆಗಳಲ್ಲಿ ಮೂವತ್ತು ವರ್ಷ ಬಾಣಲೆಯ ಮುಂದೆ ನಿಂತವರು. ಈ ಅಂಕಿಗಳನ್ನು ನಾವು ಓದಿ ಹೇಳಿದರೆ ಅವರು, ‘ನೋಡಿ ಮಾರಾಯ್ರೇ, ನನಗೆ ಡಿಗ್ರಿ ಗೊತ್ತಿಲ್ಲ. ಹೊಗೆ ಬಂತೆಂದರೆ ಉರಿ ಇಳಿಸಬೇಕು, ಅಷ್ಟೇ’ ಎಂದರು. ಸರಿಯೇ. ಆದರೆ ಯಾವ ಎಣ್ಣೆ ಬೇಗ ಹೊಗೆ ಬಿಡುತ್ತದೆಂದು ಮೊದಲೇ ಗೊತ್ತಿದ್ದರೆ ಉರಿಯನ್ನು ಏರಿಸುವಾಗಲೇ ಎಚ್ಚರವಿರುತ್ತದೆ.

ಎರಡನೆಯ ಗುಣ ಬಾಳಿಕೆ. ಹೊಗೆಯ ಕಾವು ಎತ್ತರದಲ್ಲಿದ್ದ ಮಾತ್ರಕ್ಕೆ ಎಣ್ಣೆ ಬಾಳುತ್ತದೆಂದು ಹೇಳುವಂತಿಲ್ಲ. ಸೂರ್ಯಕಾಂತಿಯೇ ಉದಾಹರಣೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲೆಯಿಕ್ ಎಂಬ ಆಮ್ಲ. ಶರೀರಕ್ಕೆ ಅದು ಬೇಕಾದದ್ದೇ. ಆದರೆ ಗಾಳಿಯೊಡನೆ ಬೇಗ ಸೇರುವ ಸ್ವಭಾವದ್ದು. ಹೊಸದಾಗಿ ಒಂದು ಸಲ ಪೂರಿ ಕರಿದು ಅಂದೇ ತಿನ್ನುವುದಕ್ಕೆ ಅಡ್ಡಿಯಿಲ್ಲ. ಗಂಟೆಗಟ್ಟಲೆ ಕಾಯಿಸಿದರೆ ನೊರೆ ಏಳುತ್ತದೆ, ಬಾಣಲೆಯ ಅಂಚಿನಲ್ಲಿ ಅರಗಿನ ಹಾಗೆ ಅಂಟಿಕೊಳ್ಳುತ್ತದೆ, ಅದರಲ್ಲಿ ಕರಿದ ತಿಂಡಿಗೂ ಬಾಳಿಕೆ ಕಡಮೆ. ಪಲ್ಯ, ಒಗ್ಗರಣೆಗೆ ಇಟ್ಟುಕೊಳ್ಳಿ. ಹತ್ತು ದಿನದ ಚಕ್ಕುಲಿಗೆ ಬೇಡ.

ಈಗ ಊರೂರಿನ ಎಣ್ಣೆಗಳ ಮಾತು. ಕರಾವಳಿಯವರು ತೆಂಗಿನೆಣ್ಣೆಯನ್ನು ಬಿಟ್ಟುಕೊಡುವುದಿಲ್ಲ. ಅವರ ವಾದದಲ್ಲಿ ಸತ್ಯವೂ ಉಂಟು: ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಪರ್ಯಾಪ್ತ ಕೊಬ್ಬಾದ್ದರಿಂದ ಗಾಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಬಾಳೆಕಾಯಿ ಉಪ್ಪೇರಿಯನ್ನು ತೆಂಗಿನೆಣ್ಣೆಯಲ್ಲಿ ಕರಿದರೇನೇ ರುಚಿ ಎಂಬುದನ್ನೂ ಒಪ್ಪುತ್ತೇವೆ. ಆದರೆ ಶುದ್ಧೀಕರಿಸದ ತೆಂಗಿನೆಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡುತ್ತದೆ, ನೀರಿನ ಪಸೆ ಉಳಿದರೆ ಸಾಬೂನಿನಂಥ ರುಚಿ ಬರುತ್ತದೆ, ಬೆಲೆಯೂ ಹೆಚ್ಚು. 24, 25 ಡಿಗ್ರಿಗಿಂತ ತಂಪಾದರೆ ಅದು ಹೆಪ್ಪುಗಟ್ಟುವುದರಿಂದ, ಚಳಿಯ ಊರಿಗೆ ಒಯ್ದ ತಿಂಡಿ ಬಾಯಲ್ಲಿ ಮೇಣದಂತೆ ಅನ್ನಿಸುತ್ತದೆ. ಪರ್ಯಾಪ್ತ ಕೊಬ್ಬನ್ನು ಮಿತಗೊಳಿಸಬೇಕೆಂದು ವೈದ್ಯರು ಹೇಳಿದವರಂತೂ ಇದನ್ನು ದಿನಬಳಕೆಗೆ ಇಟ್ಟುಕೊಳ್ಳುವ ಮೊದಲು ಕೇಳಿಕೊಳ್ಳಬೇಕು.

ರಾಯಚೂರು, ಕಲಬುರಗಿ, ವಿಜಯಪುರದ ಕಡೆಯವರಿಗೆ ಕುಸುಬಿ ಎಣ್ಣೆಯ ನೆನಪು. ಈ ಊರಿನಲ್ಲಿ ಹುಡುಕಿದರೂ ಅದು ಸುಲಭವಾಗಿ ಸಿಗದು. ಸಿಕ್ಕಿದರೂ ಅದರಲ್ಲಿ ಲಿನೋಲೆಯಿಕ್ ಅಂಶ ಸೂರ್ಯಕಾಂತಿಗಿಂತಲೂ ಹೆಚ್ಚು. ಹಳೆಯ ಮೈಸೂರಿನ ಹುಚ್ಚೆಳ್ಳೆಣ್ಣೆಯದೂ ಇದೇ ಕಥೆ.

ಎಳ್ಳೆಣ್ಣೆಗೆ ನಮ್ಮಲ್ಲಿ ಒಳ್ಳೆಣ್ಣೆ ಎಂದು ಹೆಸರು. ತಮಿಳರೂ ಅದನ್ನು ನಲ್ಲೆಣ್ಣೈ ಎಂದೇ ಕರೆಯುತ್ತಾರೆ. ಎರಡು ಭಾಷೆಗಳೂ ಸೇರಿ ಒಳ್ಳೆಯದೆಂದು ಒಪ್ಪಿಕೊಂಡ ಎಣ್ಣೆ ಇದೊಂದೇ ಇರಬೇಕು. ಇಲ್ಲಿಯ ಮರಗಾಣಗಳಲ್ಲಿ ಎಳ್ಳಿನೊಡನೆ ತಾಳೆಬೆಲ್ಲವನ್ನೂ ಹಾಕಿ ಅರೆಯುವ ಪದ್ಧತಿಯುಂಟು. ಎಳ್ಳಿನಲ್ಲಿರುವ ಸೆಸಮೋಲಿನ್ ಎಂಬ ಅಂಶ ಕಾವಿಗೆ ಸೆಸಮಾಲ್ ಆಗಿ ಎಣ್ಣೆಯನ್ನು ಕಮಟಿನಿಂದ ಕಾಯುತ್ತದೆ. ಉಪ್ಪಿನಕಾಯಿಗೆ ಎಳ್ಳೆಣ್ಣೆ ಹೊಂದುವುದಕ್ಕೆ ಇದೂ ಒಂದು ಕಾರಣ. ಆದರೆ ಗಾಣದ ಎಳ್ಳೆಣ್ಣೆಯ ಘಾಟು ಚಕ್ಕುಲಿಗೆ ಹಿಡಿಸುವುದಿಲ್ಲ, ಬೆಲೆ ನೋಡಿದರೆ ಬಾಣಲೆ ತುಂಬ ಸುರಿಯಲು ಮನಸ್ಸು ಬಾರದು. ನರಕ ಚತುರ್ದಶಿಯ ಬೆಳಗಿನ ಜಾವ ತಲೆಗೆ ಹಚ್ಚಿಕೊಳ್ಳಲು ಒಂದು ಸಣ್ಣ ಬಾಟಲಿ ಸಾಕು.

ಅಂಗಡಿಯಲ್ಲಿ ತಮಿಳು ಹೆಸರುಗಳ ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಕಡಲೈ ಎಣ್ಣೈ ಎಂದರೆ ಕಡಲೆಕಾಯಿ ಎಣ್ಣೆ, ಇದರಲ್ಲಿ ತೊಡಕಿಲ್ಲ. ವಿಳಕ್ಕೆಣ್ಣೈ ಎಂಬ ಮಾತಿಗೆ ದೀಪದ ಎಣ್ಣೆ ಎಂದು ಅರ್ಥ ಮಾಡಿಕೊಂಡು ಕೇಳಿದರೆ ಅಂಗಡಿಯವರು ಹರಳೆಣ್ಣೆ ಕೊಡುತ್ತಾರೆ. ದೀಪಕ್ಕೆಂದು ಮಾರುವ ಎಣ್ಣೆಗೆ ದೀಪ ಎಣ್ಣೈ ಎಂದು ಹೆಸರು. ಬೇರೆ ಬೇರೆ ಎಣ್ಣೆಗಳನ್ನು ಬೆರೆಸಿ, ಸುವಾಸನೆ ಸೇರಿಸಿ, ಅಡಿಗೆ ಎಣ್ಣೆಯಂಥದೇ ಪೊಟ್ಟಣದಲ್ಲಿ ಮಾರುತ್ತಾರೆ; ಬೆಲೆ ಕಡಮೆ. ಇದು ತಿನ್ನುವುದಕ್ಕಲ್ಲ ಎಂದು ಪೊಟ್ಟಣದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ತಮಿಳಾಗಲಿ ಇಂಗ್ಲಿಷಾಗಲಿ ಓದಲು ಬಾರದ ನಮ್ಮ ಕೆಲಸಗಾರ ಸೋದರರು ಅಗ್ಗವೆಂದು ಇದನ್ನು ಅಡಿಗೆಗೆ ಕೊಂಡದ್ದುಂಟು. ಸಂಶಯ ಬಂದರೆ ಪೊಟ್ಟಣವನ್ನು ವಾಚನಾಲಯಕ್ಕೆ ತನ್ನಿ, ಓದಿ ಹೇಳುತ್ತೇವೆ. ಇದಕ್ಕೆ ಸಂಕೋಚವೇಕೆ?

ಕಡಲೆಕಾಯಿ ಎಣ್ಣೆಗೆ ಬರೋಣ. ಶೇಂಗಾ ಎನ್ನಿ, ನೆಲಗಡಲೆ ಎನ್ನಿ, ದಕ್ಷಿಣ ಅಮೆರಿಕದಿಂದ ಬಂದ ಈ ಕಾಯಿ ಇಂದು ನಮ್ಮದೇ ಆಗಿಬಿಟ್ಟಿದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತೀಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆಯ ನಗರವೆಂದೇ ಹೆಸರು. ಅಲ್ಲಿಂದ ಬಂದ ನಮ್ಮ ಗೆಳೆಯರು ಎಣ್ಣೆ ಗಿರಣಿಯ ಹಿಂಡಿಯ ವಾಸನೆ ಬಂದರೆ ಊರು ಬಂತೆಂದು ತಿಳಿಯುತ್ತಿದ್ದರಂತೆ. ಈ ಎಣ್ಣೆಯಲ್ಲಿ ಅರ್ಧದಷ್ಟು ಓಲೆಯಿಕ್ ಆಮ್ಲ, ಮೂರರಲ್ಲಿ ಒಂದು ಪಾಲು ಲಿನೋಲೆಯಿಕ್, ಉಳಿದದ್ದು ಪರ್ಯಾಪ್ತ ಕೊಬ್ಬು. ಓಲೆಯಿಕ್ ಎಂಬುದು ಗಾಳಿಗೆ ಲಿನೋಲೆಯಿಕ್‌ನಷ್ಟು ಬೇಗ ಸೋಲುವುದಿಲ್ಲ. ಹೀಗಾಗಿ ಸೂರ್ಯಕಾಂತಿಗಿಂತ ಬಾಳಿಕೆ ಹೆಚ್ಚು, ತೆಂಗಿನಂತೆ ಹೆಪ್ಪುಗಟ್ಟುವುದಿಲ್ಲ, ಚಕ್ಕುಲಿಯ ಎಳ್ಳು ಜೀರಿಗೆಗಳ ಪರಿಮಳವನ್ನು ಮುಚ್ಚುವುದೂ ಇಲ್ಲ.

ಈ ಎಣ್ಣೆಗೆ ಅಮೆರಿಕದಲ್ಲಿಯೂ ಒಂದು ಹಬ್ಬದ ಕೆಲಸವುಂಟೆಂದು ಓದಿದೆವು. ನವೆಂಬರಿನ ನಾಲ್ಕನೆಯ ಗುರುವಾರ ಅವರಿಗೆ ಕೃತಜ್ಞತೆಯ ಹಬ್ಬ. ಅಂದಿನ ಊಟಕ್ಕೆ ಟರ್ಕಿ ಕೋಳಿ, ತಮಿಳರು ವಾನ್‌ಕೋಳಿ ಎನ್ನುವುದು, ಬೇಕೇ ಬೇಕು. ಸಾಮಾನ್ಯವಾಗಿ ಅದನ್ನು ಒಲೆಯ ಗೂಡಿನಲ್ಲಿ ಬೇಯಿಸುತ್ತಾರೆ. ಕೆಲವರು ಅಂಗಳದಲ್ಲಿ ಎತ್ತರದ ಪಾತ್ರೆಯಿಟ್ಟು, ಹತ್ತಾರು ಲೀಟರ್ ಎಣ್ಣೆಯಲ್ಲಿ ಇಡೀ ಕೋಳಿಯನ್ನೇ ಇಳಿಬಿಟ್ಟು ಕರಿಯುತ್ತಾರೆ. ಇದಕ್ಕೆ ಅವರು ಮುಖ್ಯವಾಗಿ ಹುಡುಕುವುದು ಕಡಲೆಕಾಯಿ ಎಣ್ಣೆಯನ್ನೇ, ಹೊಗೆಯ ಕಾವು ಎತ್ತರದಲ್ಲಿರುವುದರಿಂದ. ಮಾಂಸ ತಿನ್ನದ ವಾಚಕರು ಕ್ಷಮಿಸಬೇಕು; ನಮಗೆ ಬೇಕಾದದ್ದು ಅದರಲ್ಲಿರುವ ಪಾಠ. ಪಾತ್ರೆಯನ್ನು ತೀರ ತುಂಬಿಸಿ, ಮಂಜುಗಡ್ಡೆ ಕರಗದ ಕೋಳಿಯನ್ನು ಇಳಿಸಿ, ಎಣ್ಣೆ ಉಕ್ಕಿ ಬೆಂಕಿ ಹತ್ತಿಕೊಂಡು ಮನೆ ಸುಟ್ಟುಕೊಳ್ಳುವವರು ಆ ಹಬ್ಬದಲ್ಲಿ ಇದ್ದೇ ಇರುತ್ತಾರೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕಾದ ಎಣ್ಣೆಯ ತಳಕ್ಕೆ ಇಳಿದ ಒಂದು ಚಮಚ ನೀರು ಏನು ಮಾಡಬಲ್ಲದೆಂದು ಯೋಚಿಸಿ. ಮಳೆಯ ದಿನ ಒದ್ದೆ ಜಾಲರಿ, ಒದ್ದೆ ಸಟ್ಟುಗವನ್ನು ಬಾಣಲೆಗೆ ಅದ್ದುವ ನಾವೂ ಆ ಅಮೆರಿಕದವರಿಗಿಂತ ಬುದ್ಧಿವಂತರಲ್ಲ.

ಕಡಲೆಕಾಯಿಗೂ ಟರ್ಕಿ ಕೋಳಿಗೂ ಇನ್ನೊಂದು ನಂಟು ಉಂಟು. ಅದು ವಿಷದ ನಂಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಅವುಗಳ ಮೇವಿನಲ್ಲಿದ್ದ ಬ್ರೆಜಿಲಿನ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಹಿಡಿದಿತ್ತೆಂದು ತಿಳಿಯಿತು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಅದು ಯಕೃತ್ತನ್ನು ಕೆಡಿಸುವಂಥದು. ಗಾಣದೆಣ್ಣೆಯೇ ಪವಿತ್ರ, ರಿಫೈಂಡ್ ಎಲ್ಲ ವಿಷ ಎಂದು ವಾದಿಸುವ ಗೆಳೆಯರು ಇದನ್ನು ಗಮನಿಸಬೇಕು. ಬೂಷ್ಟು ಬಂದ ಕಾಯನ್ನು ಅರೆದರೆ ವಿಷದ ಒಂದು ಅಂಶ ಎಣ್ಣೆಗೂ ಇಳಿಯುತ್ತದೆ. ಶುದ್ಧೀಕರಣದಲ್ಲಿ ಕ್ಷಾರದಿಂದ ತೊಳೆದು, ಬಿಳುಪು ಮಾಡುವಾಗ ಅದು ಹೆಚ್ಚುಕಡಿಮೆ ಪೂರ್ತಿ ಹೊರಟುಹೋಗುತ್ತದೆ. ಹಾಗೆಂದು ಗಾಣದೆಣ್ಣೆ ಕೆಟ್ಟದ್ದಲ್ಲ. ಕಾಯನ್ನು ಒಣಗಿಸಿ, ಆರಿಸಿ, ಕಣ್ಣೆದುರಿಗೆ ಅರೆದು ಕೊಡುವ ಗಾಣದವರು ಗೊತ್ತಿದ್ದರೆ ಚಟ್ನಿಪುಡಿಗೆ, ಒಗ್ಗರಣೆಗೆ ಅದರ ರುಚಿಗೆ ಸಮನಿಲ್ಲ. ಅದನ್ನು ಬಾಣಲೆಯಲ್ಲಿ ಹೊಗೆಯೆಬ್ಬಿಸಿ ಹಾಳುಮಾಡುವುದು ಬೇಡವೆಂಬುದಷ್ಟೇ ನಮ್ಮ ಮಾತು.

ಪಾಮೋಲಿನ್ ಎಂದರೆ ಮೂಗು ಮುರಿಯುವವರಿದ್ದಾರೆ. ರೇಷನ್ ಎಣ್ಣೆಯೆಂಬ ತಾತ್ಸಾರ. ತಮಿಳುನಾಡಿನಲ್ಲಿ 2007ರಲ್ಲಿ ಆರಂಭವಾದ ವಿಶೇಷ ವಿತರಣೆಯಲ್ಲಿ ಪಡಿತರ ಅಂಗಡಿಯಿಂದ ಕಾರ್ಡಿಗೆ ತಿಂಗಳಿಗೆ ಒಂದು ಲೀಟರ್ ಪಾಮೋಲಿನ್ 25 ರೂಪಾಯಿಗೆ ಸಿಗುತ್ತದೆ. ಇಲ್ಲಿಯ ಕಾರ್ಡು ಇದ್ದವರಿಗೆ ಮಾತ್ರ. ಊರಿನ ಕಾರ್ಡಿನ ಮೇಲೆ ಅಕ್ಕಿ ಗೋಧಿ ಪಡೆಯುವ ಏರ್ಪಾಡು ಎಣ್ಣೆಗೆ ಅನ್ವಯಿಸದು. ಈ ಎಣ್ಣೆ ತಾಳೆಯ ಜಾತಿಯ ಮರದ ಹಣ್ಣಿನದು. ನಮ್ಮ ದೇಶಕ್ಕೆ ಹೆಚ್ಚಾಗಿ ಇಂಡೊನೇಷ್ಯಾ, ಮಲೇಷ್ಯಾಗಳಿಂದ ಬರುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ಸುಮಾರು ಮೂರು ವಾರ ರಫ್ತು ನಿಲ್ಲಿಸಿದಾಗ, ಅತ್ತ ಉಕ್ರೇನಿನ ಯುದ್ಧದಿಂದ ಸೂರ್ಯಕಾಂತಿಯೂ ಬಾರದೆ, ನಮ್ಮ ಓಣಿಯ ಬಜ್ಜಿಯ ಗಾತ್ರ ಕುಗ್ಗಿದ್ದನ್ನು ವಾಚಕರು ಮರೆತಿರಲಾರರು. ಕರಿಯುವ ಕೆಲಸಕ್ಕೆ ಪಾಮೋಲಿನ್ ನಿಜವಾಗಿಯೂ ಗಟ್ಟಿ ಆಳು: ಹೊಗೆ ಬೇಗ ಬಿಡದು, ನೊರೆ ಕಡಮೆ, ಕಮಟು ನಿಧಾನ. ಕುರುಕು ತಿಂಡಿಯ ಕಾರ್ಖಾನೆಗಳು ಇದನ್ನು ಬಳಸುವುದು ಅಗ್ಗವೆಂಬ ಕಾರಣಕ್ಕೆ ಮಾತ್ರವಲ್ಲ. ದೋಷವೆಂದರೆ ಪರ್ಯಾಪ್ತ ಕೊಬ್ಬು ನೂರಕ್ಕೆ ನಲವತ್ತರಷ್ಟು. ವರ್ಷವಿಡೀ ಇದೊಂದನ್ನೇ ಬಳಸುವುದು ತರವಲ್ಲ. ಹಬ್ಬದ ದಿನದ ವಡೆ, ಬಜ್ಜಿಗೆ ಇದನ್ನು ಬಳಸಿದರೆ ಯಾರ ಮಾನವೂ ಹೋಗುವುದಿಲ್ಲ.

ವನಸ್ಪತಿಯ ವಿಷಯ ಚಿಕ್ಕದು. 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಬಂದು ಮನೆಮಾತಾದ ಈ ಗಟ್ಟಿ ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬೆಂಬ ಹೃದಯಕ್ಕೆ ಹಾನಿಕರವಾದ ಅಂಶ ಬಹಳವಿರುತ್ತಿತ್ತು. ಸರ್ಕಾರ ಅದರ ಮಿತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, 2022ರ ಜನವರಿಯಿಂದ ನೂರಕ್ಕೆ ಎರಡಕ್ಕೆ ತಂದಿದೆ. ಹಾಗಾದರೂ ಎಣ್ಣೆ ಇರುವಾಗ ಚಕ್ಕುಲಿಗೆ ಅದೇಕೆ?

ಪೊಟ್ಟಣ ಕೊಳ್ಳುವಾಗ ಗುಮಾಸ್ತರ ಕಣ್ಣು ಬೇಕು. ಮೊದಲನೆಯದು ಅಳತೆ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಆದ್ದರಿಂದ 15 ಕಿಲೋ ಡಬ್ಬಿಯಲ್ಲಿ ಹದಿನಾರೂವರೆ ಲೀಟರ್ ಎಣ್ಣೆ. 15 ಲೀಟರ್ ಡಬ್ಬಿಯಲ್ಲಿ ಹದಿಮೂರು ಕಿಲೋ ಆರುನೂರೈವತ್ತು ಗ್ರಾಂ ಮಾತ್ರ. ನೋಡಲು ಎರಡೂ ಒಂದೇ ಡಬ್ಬಿ. ವ್ಯತ್ಯಾಸ ಒಂದೂವರೆ ಲೀಟರ್. ಒಂದು ಲೀಟರಿನಂತೆ ಕಾಣುವ 850, 800 ಮಿಲಿಲೀಟರ್ ಪೊಟ್ಟಣಗಳೂ ಅಂಗಡಿಗೆ ಬಂದಿವೆ. ಬೆಲೆಯನ್ನು ಅಳತೆಯಿಂದ ಭಾಗಿಸದೆ ಅಗ್ಗವೆಂದು ನಂಬಬೇಡಿ. ಎರಡನೆಯದು ಹೆಸರು. ಮುಂದೆ ಕಡಲೆಕಾಯಿಯ ಚಿತ್ರವಿದ್ದು ಹಿಂದೆ ಮಿಶ್ರಿತ ಖಾದ್ಯ ಎಣ್ಣೆ ಎಂದಿದ್ದರೆ, ಅದು ಎರಡು ಎಣ್ಣೆಗಳ ಬೆರಕೆ. ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. ಬೆರೆಸಿದ ಪ್ರತಿಯೊಂದು ಎಣ್ಣೆಯೂ ನೂರಕ್ಕೆ ಇಪ್ಪತ್ತಕ್ಕೆ ಕಡಮೆಯಿರಬಾರದು, ಯಾವುದೆಷ್ಟು ಎಂದು ಬರೆದಿರಬೇಕು. ಬೆರಕೆ ತಪ್ಪಲ್ಲ, ಬೆರಕೆಗೆ ಶುದ್ಧದ ಬೆಲೆ ಕೊಡುವುದು ತಪ್ಪು. ಕೊಲೆಸ್ಟ್ರಾಲ್ ಇಲ್ಲ ಎಂದು ದೊಡ್ಡಕ್ಷರದಲ್ಲಿ ಬರೆದದ್ದಕ್ಕೆ ಒಂದು ಕಾಸೂ ಹೆಚ್ಚು ಕೊಡಬೇಡಿ. ಗಿಡದ ಯಾವ ಎಣ್ಣೆಯಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಮಾವಿನ ಹಣ್ಣಿನಲ್ಲಿ ಮೂಳೆಯಿಲ್ಲ ಎಂದ ಹಾಗೆ ಆಯಿತು.

ಬಿಡಿ ಎಣ್ಣೆಯಂತೂ ಬೇಡ. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ, ಸರ್ಕಾರದ ವಿಶೇಷ ವಿನಾಯಿತಿಯಿಲ್ಲದೆ ಅದನ್ನು ಮಾರುವಂತಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿಯ ಎಣ್ಣೆ ಬೆರೆತು ಸಾವಿರಾರು ಜನ ಕಾಲು ಊದಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ದತ್ತೂರಿ ಎಂದರೆ ಬಯಲಿನಲ್ಲಿ ಬೆಳೆಯುವ, ಹಳದಿ ಹೂವಿನ ಮುಳ್ಳುಗಿಡ. ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. ಅಷ್ಟು ದೂರದ ಉದಾಹರಣೆ ಏಕೆ, ಹೋದ ವರ್ಷದ ನಮ್ಮ ಡಬ್ಬಿಯೇ ಸಾಕು.

ಎಷ್ಟು ಎಣ್ಣೆ ಬೇಕು? ಈ ವರ್ಷ ಗೋಕುಲಾಷ್ಟಮಿಗೆ ನಾವು ಕರಿಯುವ ಮೊದಲು, ಕರಿದ ಮೇಲೆ ಎಣ್ಣೆಯನ್ನು ಅಳೆದು ನೋಡಿದೆವು. ಒಂದು ಕಿಲೋ ಹಿಟ್ಟಿನ ಚಕ್ಕುಲಿ ಸುಮಾರು 350 ಮಿಲಿಲೀಟರ್ ಕುಡಿಯಿತು. ಉರಿ ಕಡಮೆಯಾದಾಗ, ಅಥವಾ ಒಂದೇ ಸಲ ಬಾಣಲೆ ತುಂಬ ಒತ್ತಿದಾಗ ಹೆಚ್ಚು ಕುಡಿಯಿತು. ಹಿಟ್ಟಿಗೆ ಬೆಣ್ಣೆ ಹೆಚ್ಚಾದರೂ ಅಷ್ಟೆ. ಹಾಗಾದರೆ 20 ಕಿಲೋ ಹಿಟ್ಟಿಗೆ ಏಳು ಲೀಟರ್ ಹೊಟ್ಟೆಗೆ ಹೋಗುತ್ತದೆ. ಬಾಣಲೆಗೆ ನಾಲ್ಕು ಲೀಟರ್ ಇಟ್ಟು, ಇಳಿದಷ್ಟನ್ನು ಆಗಾಗ ಹೊಸ ಎಣ್ಣೆಯಿಂದ ತುಂಬಿಕೊಳ್ಳುತ್ತ ಹೋದರೆ ಒಟ್ಟು ಹನ್ನೊಂದು ಲೀಟರ್ ಸಾಕು. ಹೋದ ವರ್ಷ ನಾವು ಹದಿನೆಂಟು ಲೀಟರ್ ಸುರಿದು ಕುಳಿತಿದ್ದೆವು. ಹಳೆಯದಕ್ಕೆ ಹೊಸದನ್ನು ಸೇರಿಸಬಾರದೆಂದು ಮೇಲೆ ಹೇಳಿ ಈಗ ತುಂಬಿಸಿಕೊಳ್ಳಿ ಎನ್ನುತ್ತೀರಲ್ಲ ಎಂದು ಒಬ್ಬರು ಕೇಳಿದರು. ಅದೇ ದಿನ, ಅದೇ ಒಲೆಯ ಮೇಲೆ, ತಿಂಡಿ ಕುಡಿದಷ್ಟನ್ನು ತುಂಬುವುದು ಬೇರೆ; ಆರು ವಾರ ಡಬ್ಬಿಯಲ್ಲಿ ಕೊಳೆತದ್ದಕ್ಕೆ ಬೆರೆಸುವುದು ಬೇರೆ.

ಲೆಕ್ಕವೂ ಇಲ್ಲಿಯೇ ತಿಳಿಯುತ್ತದೆ. ಎರಡು ಎಣ್ಣೆಗಳ ಬೆಲೆಯಲ್ಲಿ ಲೀಟರಿಗೆ 50 ರೂಪಾಯಿ ವ್ಯತ್ಯಾಸವಿದೆ ಎಂದಿಟ್ಟುಕೊಳ್ಳಿ. ಹನ್ನೊಂದು ಲೀಟರಿಗೆ 550 ರೂಪಾಯಿ. ಚಂದಾ ಹಾಕಿದವರು ಐವತ್ತು ಜನರಾದರೆ ತಲೆಗೆ ಹನ್ನೊಂದು ರೂಪಾಯಿ. ಹೋದ ಸಲ ಎಸೆದ ಚಕ್ಕುಲಿಯ ಲೆಕ್ಕವನ್ನು ಇದರ ಪಕ್ಕದಲ್ಲಿ ಬರೆದು ನೋಡಿದೆವು. ಬರೆದ ಮೇಲೆ ಪುಸ್ತಕ ಮುಚ್ಚಿದೆವು.

ಬಾಣಲೆಯ ಮುಂದೆ ನೆನಪಿಡತಕ್ಕ ಕೆಲವು ಮಾತು. ಎಣ್ಣೆ ಬಾಣಲೆಯ ಅರ್ಧಕ್ಕಿಂತ ಮೇಲೆ ಬರಬಾರದು. ಚೂರು ಹಿಟ್ಟನ್ನು ಹಾಕಿದಾಗ ತಳಕ್ಕೆ ಹೋಗಿ ನಿಧಾನವಾಗಿ ಎದ್ದರೆ ಕಜ್ಜಾಯಕ್ಕೆ ಹದ. ಬೆಲ್ಲದ ತಿಂಡಿ ಹೆಚ್ಚು ಕಾವಿಗೆ ಹೊರಗೆ ಕರಗಿ ಒಳಗೆ ಹಸಿಯಾಗುತ್ತದೆ. ಹಾಕಿದ ಕೂಡಲೆ ಚುರ್ರೆಂದು ಎದ್ದರೆ ಪೂರಿಗೆ. ಚಕ್ಕುಲಿ ಇವೆರಡರ ನಡುವೆ. ನೊರೆ ತಗ್ಗಲೆಂದು ಹುಣಸೆಹಣ್ಣಿನ ಗೋಲಿಯನ್ನೋ ವೀಳ್ಯದೆಲೆಯನ್ನೋ ಎಣ್ಣೆಗೆ ಹಾಕುವ ಹಳೆಯ ಪದ್ಧತಿಯುಂಟು. ಹಾಕಿಕೊಳ್ಳಿ, ಆದರೆ ಕೆಟ್ಟ ಎಣ್ಣೆಯನ್ನು ಅದು ಒಳ್ಳೆಯದು ಮಾಡದು. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ತಾಮ್ರದ ಅಂಶ ಕಮಟನ್ನು ಬಹಳ ಬೇಗ ತರುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಗ್ಯಾಸು ಆರಿಸಿ, ಅಗಲವಾದ ತಟ್ಟೆಯನ್ನು ಬಾಣಲೆಯ ಮೇಲೆ ಮುಚ್ಚಿ, ತಣ್ಣಗಾಗುವವರೆಗೆ ಬಾಣಲೆಯನ್ನು ಅಲುಗಿಸದೆ ದೂರ ನಿಲ್ಲಿ. ಆ ತಟ್ಟೆಯನ್ನು ಒಲೆ ಹಚ್ಚುವ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು.

ಮಿಕ್ಕ ಎಣ್ಣೆಯನ್ನು ಏನು ಮಾಡುವುದು? ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬೆಳಕು ಬೀಳದ ಕಡೆ ಮುಚ್ಚಿಟ್ಟು, ಎರಡು ಮೂರು ದಿನಗಳಲ್ಲಿ ಪಲ್ಯಕ್ಕೋ ಒಗ್ಗರಣೆಗೋ ಮುಗಿಸಬಹುದು. ಬಣ್ಣ ಕಪ್ಪಾಗಿದ್ದರೆ, ಕೈಗೆ ಅಂಟುತ್ತಿದ್ದರೆ, ಮೊದಲಿಗಿಂತ ಬೇಗ ಹೊಗೆ ಬಿಟ್ಟರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಿರಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಸೇರುವ ಕೆಟ್ಟ ಅಂಶವನ್ನು ಅಳೆಯುವ ಕ್ರಮವುಂಟು. ಅದು ನೂರಕ್ಕೆ 25 ಭಾಗ ಮೀರಿದ ಎಣ್ಣೆಯನ್ನು ಹೋಟೆಲಿನವರು ಬಳಸಬಾರದೆಂದು 2018ರ ಜುಲೈ 1ರಿಂದ ನಿಯಮ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಕೂಡಿಸಿ ವಾಹನದ ಇಂಧನ ಮಾಡುವ ಏರ್ಪಾಡನ್ನೂ ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಆರಂಭಿಸಿತು. ಮನೆಯ ಅರ್ಧ ಲೀಟರನ್ನು ಕೇಳುವವರಿಲ್ಲ, ನಿಜ. ಹಾಗೆಂದು ಮೋರಿಗೆ ಸುರಿಯಬೇಡಿ. ಮಳೆಗಾಲದಲ್ಲಿ ಈ ಊರಿನ ಮೋರಿಗಳ ಸ್ಥಿತಿ ಎಲ್ಲರಿಗೂ ಗೊತ್ತು. ಹಳೆಯ ಕಾಗದ, ಮರದ ಹೊಟ್ಟಿಗೆ ಹೀರಿಸಿ ಕಸಕ್ಕೆ ಹಾಕಿ.

ಈ ಸಲ ಸಂಘದಲ್ಲಿ ಆಗಿರುವ ತೀರ್ಮಾನ ಇದು. ಊರಿಗೆ ಹೋಗುವ ಚಕ್ಕುಲಿ, ನಿಪ್ಪಟ್ಟಿಗೆ ಮುಚ್ಚಿದ ಪೊಟ್ಟಣದ ರಿಫೈಂಡ್ ಕಡಲೆಕಾಯಿ ಎಣ್ಣೆ, ಹನ್ನೊಂದು ಲೀಟರ್. ಹಬ್ಬದ ದಿನ ಇಲ್ಲಿಯೇ ಉಳಿದವರ ವಡೆ, ಬಜ್ಜಿಗೆ ಪಾಮೋಲಿನ್. ಕಾರ್ಡು ಇರುವ ನಾಲ್ವರು ಸದಸ್ಯರು ಕೊಡಲು ಒಪ್ಪಿದ್ದಾರೆ. ಮಂಗಳೂರಿನ ಗೆಳೆಯರು ತಮ್ಮ ಖರ್ಚಿನಲ್ಲಿ ತೆಂಗಿನೆಣ್ಣೆ ತಂದು ಬಾಳೆಕಾಯಿ ಕರಿಯುತ್ತಾರಂತೆ. ಬೇರೆ ಬಾಣಲೆ, ಬೇರೆ ಒಲೆ, ಅಭ್ಯಂತರವಿಲ್ಲ. ಉರಿಯ ಯಜಮಾನಿಕೆ ಭಟ್ಟರದು. ಡಬ್ಬಿಗಳನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಹೆಸರು ಬರೆದ ಚೀಟಿ ಅಂಟಿಸಿ ಮುಂಚಿತವಾಗಿಯೇ ವಾಚನಾಲಯದಲ್ಲಿ ಕೊಡತಕ್ಕದ್ದು. ತಿಂಡಿ ಪೂರ್ತಿ ಆರಿದ ಮೇಲೆಯೇ ತುಂಬಲಾಗುವುದು; ಬಿಸಿಯಿರುವಾಗಲೇ ಕೊಡಿ ಎಂದು ಅವಸರ ಮಾಡಬಾರದು. ಮೊದಲ ಒಬ್ಬೆ ಲಿಂಗಸೂಗೂರಿನ ಡಬ್ಬಿಗೆ.